ದನದ ಮನೆಯ ಮೂಲೆಯ ಟಿವಿಎಸ್ ಮಕ್ಕಳ ಕೈಗೆ ಹೋಗುವ ಮುನ್ನ

ಪರೀಕ್ಷೆ ಮುಗಿದು ಏಪ್ರಿಲ್ ಸೂಟಿ ಬಿದ್ದರೆ ಸಾಕು, ನನಗೆ ಬರುವ ಪ್ರಶ್ನೆ ಒಂದೇ. "ಅಪ್ಪಾರ ಕಾಲದ ಟಿವಿಎಸ್ ದನದ ಮನಿಯಾಗ ನಿಂತೈತ್ರಿ. ರಿಪೇರಿ ಮಾಡಿ ಹುಡುಗಗ ಹೊಲದಾಗ ಹೊಡಿಲಿಕ್ಕೆ ಕೊಟ್ರ ನಡೀತದೇನ್ರಿ?" ಕೇಳುವವರು ನವಲಗುಂದದವರು ಇರಬಹುದು, ರೋಣದವರು ಇರಬಹುದು, ಸವಣೂರಿನವರು ಇರಬಹುದು. ಟಿವಿಎಸ್ ಬದಲು ಲೂನಾ ಇದ್ದೀತು, ಹೀರೋ ಪುಕ್ ಇದ್ದೀತು, ಎಲ್ಲವೂ ಹಳೇ ಮೊಪೆಡ್‌ಗಳೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನಡೆಯುತ್ತದೆ. ಆದರೆ ಹೆಚ್ಚಿನವರು ಈ ಕೆಲಸವನ್ನು ತಲೆಕೆಳಗಾಗಿ ಹಿಡಿಯುತ್ತಾರೆ. ಮೊದಲು ಎಂಜಿನ್‌ಗೆ ಕೈ ಹಾಕುತ್ತಾರೆ. ಅದು ಕೆಮ್ಮಿ ಕೆಮ್ಮಿ ಹೊಗೆ ಬಿಟ್ಟ ದಿನ ಮನೆಯಲ್ಲಿ ಹಬ್ಬ, ಸಂಜೆಯೊಳಗೆ ಹುಡುಗ ಸೀಟಿನ ಮೇಲೆ. ಹತ್ತು ವರ್ಷದಿಂದ ಯಾರೂ ಮುಟ್ಟದ ಬ್ರೇಕು ಹಾಗೇ ಉಳಿದಿರುತ್ತದೆ. ಅದಕ್ಕೇ ನನ್ನ ಕ್ರಮ ಉಲ್ಟಾ: ಗಾಡಿ ಮೊದಲು ನಿಲ್ಲಲು ಕಲಿಯಲಿ, ಓಡುವುದು ಆಮೇಲೆ. ಎಂಜಿನ್ ಸ್ಟಾರ್ಟ್ ಮಾಡುವುದು ಇಲ್ಲಿ ಆರನೇ ಹಂತ. ಅಲ್ಲಿಗೆ ಈಗಲೇ ಜಿಗಿಯಬೇಡಿ.

ಕಾನೂನಿನ ಮಾತು

ಇದನ್ನು ಓದದೆ ಮುಂದೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆ 1988ರ 4ನೇ ಕಲಮಿನ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. 50 ಸಿಸಿಯೊಳಗಿನ ಗಾಡಿಗೆ ಮಾತ್ರ 16. "ಎಕ್ಸ್‌ಎಲ್‌ಗೆ ಹದಿನಾರಕ್ಕೇ ಲೈಸೆನ್ಸ್ ಕೊಡ್ತಾರ" ಅನ್ನುವುದು ನಮ್ಮ ಕಡೆ ಬಹಳ ಜನರ ನಂಬಿಕೆ. ಟಿವಿಎಸ್ ಕಂಪನಿಯ ಎಕ್ಸ್‌ಎಲ್ ಸೂಪರ್ ಎಂಜಿನ್ 69.9 ಸಿಸಿ, ಅದು ಆ ರಿಯಾಯಿತಿಯಲ್ಲಿ ಬರುವುದೇ ಇಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಇನ್ನೂ ಬಿಗಿ. ಅಪ್ರಾಪ್ತರ ಕೈಗೆ ಗಾಡಿ ಹೋಗಿ ಅಪರಾಧವಾದರೆ ಪಾಲಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಸಾರ್ವಜನಿಕ ಜಾಗ ಅಂದರೆ ಡಾಂಬರು ರಸ್ತೆ ಒಂದೇ ಅಲ್ಲ. ಜನರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಹೌದು. ಊರ ಮುಂದಿನ ಬಯಲು, ನಾಲ್ಕು ಹೊಲದವರು ಬಳಸುವ ಚಕ್ಕಡಿ ದಾರಿ ಎಲ್ಲವೂ ಅದರಲ್ಲಿ ಬರುತ್ತವೆ. ಹಾಗಾಗಿ ಈ ಲೇಖನ ನಿಮ್ಮದೇ ಹೊಲ, ನಿಮ್ಮದೇ ಕಣದೊಳಗಿನ ಓಡಾಟಕ್ಕೆ ಮಾತ್ರ. ಹೊಲದವರೆಗೆ ಗಾಡಿ ಒಯ್ಯುವವರು ಲೈಸೆನ್ಸ್ ಇರುವ ದೊಡ್ಡವರು. ಗಾಡಿಯ ಕಾಗದ ಮುಗಿದಿದ್ದರೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿಕೊಂಡು ಹೋಗಿ.

ಯಾವ ಗಾಡಿ, ಎಷ್ಟು ದೊಡ್ಡ ಮಗು

1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50, ಆಮೇಲಿನ ಎಕ್ಸ್‌ಎಲ್ ಎಲ್ಲ ಟೂ ಸ್ಟ್ರೋಕ್ ಗಾಡಿಗಳು. ಅಂದರೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುವಂಥವು. 2015ರಲ್ಲಿ ಬಂದ ಎಕ್ಸ್‌ಎಲ್ 100 ಫೋರ್ ಸ್ಟ್ರೋಕ್. ಅದಕ್ಕೆ ಆಯಿಲ್ ಎಂಜಿನ್ನಿನ ಹೊಟ್ಟೆಗೆ ಬೇರೆಯಾಗಿ ಹೋಗುತ್ತದೆ. ಈ ಲೇಖನ ಹಳೆಯ ಟೂ ಸ್ಟ್ರೋಕ್ ಗಾಡಿಗಳ ಬಗ್ಗೆ. ಕಲಿಯುವ ಮಗುವಿಗೆ ಗೇರ್ ಇಲ್ಲದ ಗಾಡಿಯೇ ಸರಿ.

ಎಕ್ಸ್‌ಎಲ್ ತೂಕ ಎಪ್ಪತ್ತು ಕೆಜಿ ಆಸುಪಾಸು. ಮೂವತ್ತು ಕೆಜಿಯ ಮಗು ಅದನ್ನು ಹಿಡಿದು ನಿಲ್ಲಬಲ್ಲದೇ? ವಯಸ್ಸು ಕೇಳಬೇಡಿ, ಪರೀಕ್ಷೆ ಮಾಡಿ. ಸ್ಟ್ಯಾಂಡ್ ತೆಗೆದು ಮಗುವಿನ ಕೈಗೆ ಹ್ಯಾಂಡಲ್ ಕೊಡಿ, ನೀವು ಪಕ್ಕದಲ್ಲಿರಿ, ಗಾಡಿಯನ್ನು ಒಂದು ಗೇಣಿನಷ್ಟು ವಾಲಿಸಿ. ಮಗು ಅದನ್ನು ಮತ್ತೆ ನೆಟ್ಟಗೆ ಮಾಡಿದರೆ ಸರಿ. ಮಾಡದಿದ್ದರೆ ಇನ್ನೂ ಎರಡು ವರ್ಷ ಸೈಕಲ್ ಸಾಕು. ಸೈಕಲ್ ಸಲೀಸಾಗಿ ತುಳಿಯಲು, ಬ್ರೇಕ್ ಹಿಡಿದು ಹೇಳಿದ ಗೆರೆಯಲ್ಲಿ ನಿಲ್ಲಿಸಲು ಬರದ ಮಗುವಿಗೆ ಎಂಜಿನ್ ಗಾಡಿ ಕೊಡುವ ಮಾತೇ ಬೇಡ. ಹನ್ನೆರಡರ ಕೆಳಗಿನ ಮಕ್ಕಳಿಗೆ ಎಕ್ಸ್‌ಎಲ್ ದೊಡ್ಡದಾಯಿತು ಅನ್ನುವುದು ನನ್ನ ಅನುಭವ.

ಮನೆಯಲ್ಲಿ ಗಾಡಿ ಇಲ್ಲದೆ ಗುಜರಿಯಿಂದ ತರುವವರು ಆರ್‌ಸಿ ಇಲ್ಲದ್ದನ್ನು ಮುಟ್ಟಬೇಡಿ. ಚಾಸಿ ನಂಬರಿನ ಮೇಲೆ ಅರ ಆಡಿಸಿದ ಗುರುತಿದ್ದರೆ ಎಷ್ಟೇ ಅಗ್ಗ ಅಂದರೂ ಬಿಟ್ಟು ಬನ್ನಿ. ಕೆಎ 25 ಇರಲಿ, ಕೆಎ 26, ಕೆಎ 27, ಕೆಎ 63 ಇರಲಿ, ಪ್ಲೇಟಿನ ನಂಬರೂ ಆರ್‌ಸಿಯ ನಂಬರೂ ಚಾಸಿಯ ನಂಬರೂ ಕೂಡಬೇಕು.

ಬೇಕಾಗುವ ಸಾಮಾನು

10, 12, 13, 14, 17ರ ಪಾನಾ, ಪ್ಲಗ್ ಪಾನಾ, ಎರಡು ಸ್ಕ್ರೂ ಡ್ರೈವರ್, ತಂತಿ ಬ್ರಷ್, ಸ್ಯಾಂಡ್ ಪೇಪರ್, ಗ್ರೀಸ್. ತೊಳೆಯಲು ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ, ಡೀಸೆಲ್ ಸಾಕು. ಬಿಚ್ಚಿದ್ದನ್ನು ಇಡಲು ಅಡುಗೆಮನೆಯ ಹಳೇ ಪರಾತ ಒಂದು. ಒಂದೊಂದು ಭಾಗ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ಹೊಡೆದಿಡಿ. ವಾಷರ್ ಯಾವ ಬದಿಗೆ ಇತ್ತು ಅನ್ನುವ ಜಗಳ ಇರುವುದಿಲ್ಲ.

ಹೊಸದಾಗಿ ಕೊಳ್ಳಬೇಕಾದ್ದು: ಎರಡೂ ಗಾಲಿಯ ಬ್ರೇಕ್ ಶೂ, ಎರಡು ಬ್ರೇಕ್ ಕೇಬಲ್, ಆಕ್ಸಲರೇಟರ್ ಕೇಬಲ್, ಪೆಟ್ರೋಲ್ ಪೈಪು, ಪ್ಲಗ್ಗು, ಹ್ಯಾಂಡಲ್ ಗ್ರಿಪ್. ಎಕ್ಸ್‌ಎಲ್ ಸಾಮಾನು ಹುಬ್ಬಳ್ಳಿ, ಗದಗ, ಹಾವೇರಿ, ರಾಣೆಬೆನ್ನೂರು ಎಲ್ಲಿ ಬೇಕಾದರೂ ಸಿಗುತ್ತವೆ. ಲೂನಾ, ಪುಕ್ ಆದರೆ ಹಳೇ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. "ಅದಽ ಸೈಜ್ ಐತ್ರಿ" ಅನ್ನುವ ಮಾತು ನಂಬಿ ಬಂದರೆ ಮರುದಿನ ಮತ್ತೆ ಬಸ್ಸು ಹತ್ತಬೇಕಾಗುತ್ತದೆ.

1. ತೊಳೆದು, ಬೇಡದ್ದು ಬಿಚ್ಚುವುದು

ದನದ ಮನೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಗೆ ನೇರವಾಗಿ ಕೈ ಹಾಕಬೇಡಿ. ಬಿಸಿಲಿಗೆ ತಂದು, ಕೋಲಿನಿಂದ ನಾಲ್ಕು ಸಲ ಬಡಿಯಿರಿ. ಸೀಟಿನ ಕೆಳಗೆ ಚೇಳು, ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿಗೂಡು ಮಾಮೂಲು.

ತೊಳೆದ ಮೇಲೆ ಹಾಲಿನ ಕ್ಯಾನ್ ಕಟ್ಟುವ ಕಬ್ಬಿಣದ ಕ್ಯಾರಿಯರ್, ಕೊಕ್ಕೆ, ಮುರಿದ ಕನ್ನಡಿ, ಒಡೆದ ಇಂಡಿಕೇಟರ್ ಎಲ್ಲ ತೆಗೆಯಿರಿ. ಬಿದ್ದಾಗ ಚುಚ್ಚುವುದು ಇವೇ. ತೆಗೆಯಬಾರದ್ದು ಚೈನ್ ಕವರ್. ಅದಿಲ್ಲದಿದ್ದರೆ ಎಲ್ಲಿಂದಾದರೂ ತಂದು ಹಾಕಿ. ಮಗಳು ಓಡಿಸುವುದಾದರೆ ವೇಲ್, ಲಂಗ ಯಾವುದೂ ಗಾಡಿಯ ಹತ್ತಿರ ಬರಬಾರದು.

2. ಗಾಲಿ, ಟಯರ್, ಹ್ಯಾಂಡಲ್

ಪಾನಾದಿಂದ ಒಂದೊಂದೇ ಸ್ಪೋಕಿಗೆ ಮೆಲ್ಲಗೆ ಬಡಿಯಿರಿ. ಬಿಗಿ ಇದ್ದದ್ದು ಟಣ್ ಅನ್ನುತ್ತದೆ, ಸಡಿಲು ಇದ್ದದ್ದು ಡಬ್ ಅನ್ನುತ್ತದೆ. ನಾಲ್ಕೈದು ಸಡಿಲು ಸಿಕ್ಕರೆ ಔಟ್ ತೆಗೆಯುವವರ ಹತ್ತಿರ ಒಯ್ಯಿರಿ. ಔಟ್ ಅಂದರೆ ಗಾಲಿ ತಿರುಗುವಾಗ ಅತ್ತಿತ್ತ ಓಲಾಡುವುದು.

ಟಯರಿನ ಕಚ್ಚು ಚೆನ್ನಾಗಿದ್ದರೂ ಪಕ್ಕದ ರಬ್ಬರ್ ಬಿರುಕು ಬಿಟ್ಟಿದ್ದರೆ ಕಿತ್ತು ಹಾಕಿ. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಮುದ್ರೆ ಇರುತ್ತದೆ. 2314 ಅಂದರೆ 2014ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯ ರಬ್ಬರ್ ಕಲ್ಲಾಗಿರುತ್ತದೆ, ಮಣ್ಣು ಹಿಡಿಯುವುದಿಲ್ಲ. ಮಗುವಿನ ಭಾರಕ್ಕೆ 20ರಿಂದ 25 ಪಾಯಿಂಟ್ ಗಾಳಿ ಸಾಕು.

ಮುಂದಿನ ಗಾಲಿ ಎತ್ತಿ ಹಿಡಿದು ಫೋರ್ಕನ್ನು ಹಿಂದೆ ಮುಂದೆ ಅಲುಗಿಸಿ. ಟಕಟಕ ಸದ್ದು ಬಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕಾನ್‌ಸೆಟ್ ಸಡಿಲು. ಹ್ಯಾಂಡಲ್ ತಿರುಗಿಸುವಾಗ ನಟ್ಟನಡುವೆ ಕಚ್ಚಿದಂತಾದರೆ ಕಾನ್‌ಸೆಟ್ಟಿನ ಗುಂಡುಗಳು ಕೂರುವ ಬಟ್ಟಲಿನಲ್ಲಿ ಗುಳಿ ಬಿದ್ದಿವೆ, ಸೆಟ್ಟೇ ಬದಲಿಸಿ.

ಇನ್ನು ಗ್ರಿಪ್. ಹಳೇ ಗಾಡಿಯ ಗ್ರಿಪ್ಪಿನ ತುದಿ ಹರಿದು ಒಳಗಿನ ಕಬ್ಬಿಣದ ಕೊಳವೆ ಬರಿದಾಗಿ ಕಾಣುತ್ತಿರುತ್ತದೆ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ. ಮಗು ಬಿದ್ದರೆ ಹ್ಯಾಂಡಲ್ ತಿರುಗಿ ಆ ತುದಿ ಸೀದಾ ಹೊಟ್ಟೆಗೆ ನಾಟುತ್ತದೆ. ತುದಿ ಮುಚ್ಚಿದ, ದಪ್ಪ ರಬ್ಬರಿನ ಗ್ರಿಪ್ ಹಾಕಿ.

3. ಬ್ರೇಕ್

ಒಂದು ಇಡೀ ದಿನ ಇದಕ್ಕೇ ಇಡಿ.

ಗಾಲಿ ಬಿಚ್ಚಿ ಡ್ರಮ್ ತೆರೆಯಿರಿ. ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಪಂಕ್ಚರ್ ಅಂಗಡಿಯ ಗಾಳಿಯನ್ನೂ ಹೊಡೆಸಬೇಡಿ. ಹಳೇ ಲೈನರುಗಳಲ್ಲಿ, ಅಂದರೆ ಬ್ರೇಕಿನ ಉಜ್ಜುವ ಪದರದಲ್ಲಿ, ಆಸ್‌ಬೆಸ್ಟಾಸ್ ಇರುವ ಸಂಭವವಿದೆ, ಅದು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮಕ್ಕಳು ಆ ಹೊತ್ತಿಗೆ ದೂರ ಇರಲಿ.

ಡ್ರಮ್ಮಿನ ಒಳಮೈ ತುಕ್ಕು ಹಿಡಿದಿದ್ದರೆ ಸ್ಯಾಂಡ್ ಪೇಪರಿನಿಂದ ಉಜ್ಜಿ. ಬೆರಳಿಗೆ ಗೆರೆ ತಗುಲುವಷ್ಟು ಆಳವಾಗಿ ತಿಂದಿದ್ದರೆ ಲೇತ್ ಅಂಗಡಿಯಲ್ಲಿ ತೋರಿಸಿ. ಬ್ರೇಕ್ ಶೂ ಅಂದರೆ ಡ್ರಮ್ಮಿನ ಒಳಗೆ ಅಗಲಿ ಉಜ್ಜುವ ಅರ್ಧಚಂದ್ರದ ಎರಡು ತುಂಡು. ಅದರ ಲೈನರ್ ಎಷ್ಟೇ ದಪ್ಪ ಕಂಡರೂ ಹೊಸದು ಹಾಕಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಲೈನರ್ ತಗಡಿನಿಂದ ಬಿಟ್ಟುಕೊಂಡಿರುತ್ತದೆ, ಹಿಡಿದಾಗಲೇ ಗೊತ್ತಾಗುವುದು. ಶೂ ಅಗಲಿಸುವ ಕ್ಯಾಮ್ ಎಂಬ ಕಡ್ಡಿಯನ್ನು ಹೊರತೆಗೆದು ತುಕ್ಕು ಒರೆಸಿ, ಉಗುರಿನ ತುದಿಯಷ್ಟು ಗ್ರೀಸ್ ಹಚ್ಚಿ. ಅದಕ್ಕಿಂತ ಹೆಚ್ಚು ಹಚ್ಚಿದರೆ ಬಿಸಿಗೆ ಕರಗಿ ಲೈನರಿಗೆ ಇಳಿಯುತ್ತದೆ. ಗ್ರೀಸ್ ಕುಡಿದ ಲೈನರ್ ಮತ್ತೆ ಬ್ರೇಕ್ ಹಿಡಿಯುವುದಿಲ್ಲ, ಪೆಟ್ರೋಲಿನಿಂದ ತೊಳೆದರೂ ಇಲ್ಲ.

ಕೇಬಲ್ ಹೊಸದಾದರೂ ಹಾಕುವ ಮುಂಚೆ ಎಣ್ಣೆ ಕುಡಿಸಿ. ಪಾಲಿಥಿನ್ ಚೀಲದ ಒಂದು ಮೂಲೆಗೆ ಸಣ್ಣ ತೂತು ಮಾಡಿ, ಕೇಬಲ್ಲಿನ ಮೇಲಿನ ತುದಿ ತೂರಿಸಿ ದಾರದಿಂದ ಬಿಗಿದು ಕಟ್ಟಿ. ಚೀಲದಲ್ಲಿ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ರಾತ್ರಿಯಿಡೀ ಗೋಡೆಯ ಮೊಳೆಗೆ ನೇತುಹಾಕಿ. ಬೆಳಿಗ್ಗೆ ಕೆಳಗಿನ ತುದಿಯಿಂದ ಎಣ್ಣೆ ಹನಿದಿದ್ದರೆ ಒಳಗೆಲ್ಲ ಇಳಿದಿದೆ ಎಂದರ್ಥ. ಈ ಒಂದು ಕೆಲಸದಿಂದ ಲಿವರ್ ಹಿಡಿಯಲು ಬೇಕಾದ ಬಲ ಎಷ್ಟು ಕಡಿಮೆಯಾಗುತ್ತದೆ ಅನ್ನುವುದನ್ನು ನೀವೇ ನೋಡಿ.

ಈಗ ಮುಖ್ಯ ಮಾತು. ಬ್ರೇಕ್ ಪರೀಕ್ಷೆ ಮಾಡಬೇಕಾದ್ದು ನಿಮ್ಮ ಕೈ ಅಲ್ಲ, ಮಗುವಿನ ಕೈ. ಹೆಚ್ಚಿನ ಮೊಪೆಡ್‌ಗಳಲ್ಲಿ ಎರಡೂ ಬ್ರೇಕ್ ಹ್ಯಾಂಡಲಿನಲ್ಲೇ ಇರುತ್ತವೆ, ಆ ಲಿವರ್ ದೊಡ್ಡವರ ಬೆರಳಿನ ಅಳತೆಗೆ ಮಾಡಿದ್ದು. ಮಗು ಗ್ರಿಪ್ ಹಿಡಿದೇ ಬೆರಳು ಚಾಚಿದಾಗ ಎರಡು ಬೆರಳಿನ ಮೊದಲ ಗಿಣ್ಣು ಲಿವರಿನ ಮೇಲೆ ಕೂರಬೇಕು. ಕೂರದಿದ್ದರೆ ಲಿವರಿನ ಕ್ಲಾಂಪ್ ಸಡಿಲಿಸಿ ಒಳಕ್ಕೆ ಸರಿಸಿ, ಕೆಳಗೆ ತಿರುಗಿಸಿ. ಆಗಲೂ ಎಟುಕದಿದ್ದರೆ ಸೈಕಲ್ಲಿನ ಚಿಕ್ಕ ಲಿವರ್ ಹಾಕುವ ಉಪಾಯ ಕೆಲವರು ಹೇಳುತ್ತಾರೆ. ಬೇಡ. ಅದರ ತಗಡು ಬಾಗುತ್ತದೆ, ಕೇಬಲ್ಲಿನ ಗುಂಡು ಅದರಲ್ಲಿ ಕೂರುವುದಿಲ್ಲ. ಮಗುವಿನ ಕೈ ಬೆಳೆಯಲಿ.

ಮಗುವಿನ ಕೈಯಿಂದ ಲಿವರ್ ಹಿಡಿಸಿ ನೀವು ಗಾಡಿ ತಳ್ಳಿ. ಹಿಂದಿನ ಬ್ರೇಕಿಗೆ ಹಿಂದಿನ ಗಾಲಿ ತಿರುಗದೆ ಎಳೆದುಕೊಂಡು ಬರಬೇಕು, ಮುಂದಿನ ಬ್ರೇಕಿಗೆ ಗಾಡಿ ಮುಂದೆ ಹೋಗಲೇಬಾರದು. ಲಿವರ್ ಅರ್ಧ ದಾರಿಗೆ ಬರುವುದರೊಳಗೆ ಇದು ಆಗಬೇಕು. ಆಗುವವರೆಗೆ ನಾಲ್ಕನೇ ಹಂತ ಇಲ್ಲ.

4. ಆಕ್ಸಲರೇಟರ್ ಬಿಟ್ಟರೆ ಮುಚ್ಚಬೇಕು, ದಾರ ಎಳೆದರೆ ಬಂದ್ ಆಗಬೇಕು

ಹೆದರಿದ ಮಗು ಮಾಡುವ ಮೊದಲ ಕೆಲಸ ಹ್ಯಾಂಡಲನ್ನು ಇನ್ನೂ ಗಟ್ಟಿಯಾಗಿ ಹಿಡಿಯುವುದು. ಹಿಡಿದರೆ ಆಕ್ಸಲರೇಟರ್ ಇನ್ನೂ ತಿರುಗುತ್ತದೆ. ಅದಕ್ಕೇ ಈ ಹಂತ.

ಎಂಜಿನ್ ಬಂದ್ ಇರುವಾಗ ಆಕ್ಸಲರೇಟರ್ ಪೂರಾ ತಿರುಗಿಸಿ ಒಮ್ಮೆಲೇ ಕೈ ಬಿಡಿ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಿಂದ ಟಪ್ ಎಂಬ ಸದ್ದು ಕೇಳಬೇಕು. ಅದು ಸ್ಲೈಡ್ ತಳ ಮುಟ್ಟಿದ ಸದ್ದು. ಸ್ಲೈಡ್ ಅಂದರೆ ಕಾರ್ಬೊರೇಟರಿನ ಒಳಗೆ ಏರಿಳಿದು ಗಾಳಿಯ ದಾರಿ ತೆರೆಯುವ ಉರುಟು ತುಂಡು. ಹ್ಯಾಂಡಲನ್ನು ಎಡಕ್ಕೆ ಪೂರಾ ತಿರುಗಿಸಿ ಇದನ್ನೇ ಮಾಡಿ, ಬಲಕ್ಕೆ ತಿರುಗಿಸಿ ಮಾಡಿ. ಒಂದು ಕಡೆಯಾದರೂ ಸದ್ದು ಬರದಿದ್ದರೆ ಕೇಬಲ್ ಎಲ್ಲೋ ಬಿಗಿಯುತ್ತಿದೆ. ಟ್ಯಾಂಕಿನ ಕೆಳಗೆ, ಫೋರ್ಕಿನ ಹತ್ತಿರ ನೋಡಿ ದಾರಿ ಬದಲಿಸಿ.

ಇನ್ನು ಕಿಲ್ ಸ್ವಿಚ್, ಅಂದರೆ ದಾರ ಎಳೆದರೆ ಎಂಜಿನ್ ಬಂದ್ ಮಾಡುವ ಸ್ವಿಚ್. ದಾರದ ಒಂದು ತುದಿ ಮಗುವಿನ ಮಣಿಕಟ್ಟಿಗೆ, ಇನ್ನೊಂದು ತುದಿ ಹ್ಯಾಂಡಲಿನ ಸ್ವಿಚ್ಚಿಗೆ. ಮಗು ಬಿದ್ದರೆ ದಾರ ಕಿತ್ತು ಎಂಜಿನ್ ತಾನಾಗಿ ಬಂದ್. ಕೊಳ್ಳುವಾಗ ಜನ ಎಡವುವುದು ಇಲ್ಲಿಯೇ: ಬ್ಯಾಟರಿಯಿಂದ ಕಿಡಿ ಪಡೆಯುವ ಗಾಡಿಗೆ, ದಾರ ಎಳೆದಾಗ ವಯರ್ ಬೇರೆಯಾಗುವ ಸ್ವಿಚ್ ಬೇಕು. ನಮ್ಮ ಮೊಪೆಡ್‌ಗಳು ಮ್ಯಾಗ್ನೆಟ್ಟಿನಿಂದ ಕಿಡಿ ಹುಟ್ಟಿಸುವಂಥವು. ಇವಕ್ಕೆ ದಾರ ಎಳೆದಾಗ ಎರಡು ವಯರ್ ಕೂಡುವ ಸ್ವಿಚ್ ಬೇಕು. ಕೂಡಿದಾಗ ಕಿಡಿ ಪ್ಲಗ್ಗಿಗೆ ಹೋಗದೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಇಳಿದು ಎಂಜಿನ್ ಸತ್ತುಹೋಗುತ್ತದೆ. ಗಾಡಿಯ ಹಳೇ ಆಫ್ ಸ್ವಿಚ್ಚಿನ ಎರಡು ವಯರಿಗೇ ಇದನ್ನೂ ಜೋಡಿಸಿದರೆ ಮುಗಿಯಿತು. ತಪ್ಪು ಸ್ವಿಚ್ ತಂದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಜನ ಬೇಸತ್ತು ಅದನ್ನು ಕಿತ್ತೇ ಹಾಕುತ್ತಾರೆ.

5. ಟ್ಯಾಂಕ್, ಪೈಪು, ಕಾರ್ಬೊರೇಟರ್

ಹಳೇ ಪೆಟ್ರೋಲ್ ಬಯಲಿನಲ್ಲಿ, ಹಗಲಿನಲ್ಲಿ ಸೋರಿಸಿ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಟ್ಯಾಂಕ್ ತೂತಾಗಿದ್ದರೆ "ಖಾಲಿ ಐತಿ" ಅಂತ ವೆಲ್ಡಿಂಗಿಗೆ ಕೊಡಬೇಡಿ; ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು. ಬೇರೆ ಟ್ಯಾಂಕ್ ಹುಡುಕಿ.

ತುಕ್ಕಿಗೆ ಲಿಂಬಿ ಉಪ್ಪು ಸಾಕು, ಕಿರಾಣಿ ಅಂಗಡಿಯ ಸಿಟ್ರಿಕ್ ಆ್ಯಸಿಡ್. ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕ್ ತುಂಬಿಸಿ, ಹಿಡಿಯಷ್ಟು ಸಣ್ಣ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿ, ಒಂದು ರಾತ್ರಿ ಬಿಡಿ. ನಟ್ಟು ಎಷ್ಟು ಹಾಕಿದಿರಿ ಎಣಿಸಿಕೊಂಡಿರಿ. ಮರುದಿನ ಸೋಡಾಪುಡಿ ನೀರಿನಿಂದ ತೊಳೆದು, ನಮ್ಮ ಬಿಸಿಲಿಗೆ ಒಂದು ದಿನ ಒಣಗಿಸಿ, ಒಂದಿಷ್ಟು ಟೂಟಿ ಆಯಿಲ್ ಒಳಗೆಲ್ಲ ಆಡಿಸಿ. ಟೂಟಿ ಅಂದರೆ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಆಯಿಲ್.

ಪೆಟ್ರೋಲ್ ಪೈಪನ್ನು ಕಣ್ಣುಮುಚ್ಚಿ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಅದರಲ್ಲಿ ಊದಿ ಮೆತ್ತಗಾಗುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ತಳದಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ.

ಕಾರ್ಬೊರೇಟರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ. ಜೆಟ್ ಅಂದರೆ ಪೆಟ್ರೋಲ್ ಚಿಮ್ಮುವ ಸೂಜಿರಂಧ್ರದ ಹಿತ್ತಾಳೆ ತುಂಡು. ಅದನ್ನು ಸೂಜಿ, ಪಿನ್ನಿನಿಂದ ಚುಚ್ಚಬೇಡಿ, ರಂಧ್ರ ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ವಯರಿನ ಒಂದು ತಾಮ್ರದ ಎಳೆ ಸಾಕು. ಬೆಳಕಿಗೆ ಹಿಡಿದರೆ ದುಂಡಗೆ ಚುಕ್ಕೆ ಕಾಣಬೇಕು. ಫಿಲ್ಟರಿನ ಸ್ಪಂಜ್ ಪುಡಿಪುಡಿಯಾಗಿದ್ದರೆ ಹೊಸದು ಹಾಕಿ. ನಮ್ಮ ಹೊಲದ ಧೂಳಿಗೆ ಫಿಲ್ಟರ್ ಇಲ್ಲದ ಎಂಜಿನ್ ಒಂದು ಬೇಸಿಗೆಯೂ ಬಾಳುವುದಿಲ್ಲ.

6. ಎಂಜಿನ್

ಸಿಟ್ಟಿನಿಂದ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಚಮಚ ಟೂಟಿ ಆಯಿಲ್ ಹಾಕಿ, ಮ್ಯಾಗ್ನೆಟ್ ಕವರ್ ತೆಗೆದು ನಡುವಿನ ನಟ್ಟಿಗೆ ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ. ಜಾಮ್ ಆಗಿದ್ದರೆ ಆಯಿಲ್ ಜತೆ ಡೀಸೆಲ್ ಬೆರೆಸಿ ಹಾಕಿ ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ. ಆಗಲೂ ಅಲುಗದಿದ್ದರೆ ಬೋರ್, ಅಂದರೆ ಪಿಸ್ಟನ್ ಆಡುವ ಕೊಳವೆ, ಬಿಚ್ಚಲೇಬೇಕು. ಆ ಕೆಲಸ ಮಿಸ್ತ್ರಿಗೆ ಬಿಡಿ.

ತಿರುಗುತ್ತಿದ್ದರೆ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಕಿಕ್ ತುಳಿಯಿರಿ. ಗಾಳಿ ಬೆರಳನ್ನು ಪುಸಕ್ಕನೆ ದೂಡಬೇಕು. ದೂಡದಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಹೊಸ ಪ್ಲಗ್ಗಿನ ಗ್ಯಾಪ್ ಸುಮಾರು 0.6 ಮಿಮೀ. ಸೈಲೆನ್ಸರ್ ಬಿಚ್ಚಿ ಒಳಗಿನ ಮಸಿ ಕೆರೆದು ತೆಗೆಯಿರಿ. ಟೂ ಸ್ಟ್ರೋಕ್ ಗಾಡಿ "ಎಳೆಯೂದಿಲ್ಲ" ಅನ್ನುವ ದೂರು ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಲೀಟರ್ ಪೆಟ್ರೋಲಿಗೆ 20 ಮಿಲಿ ಟೂಟಿ, ಅಂದರೆ ಐವತ್ತಕ್ಕೆ ಒಂದು. ಹೊಸ ಪಿಸ್ಟನ್ ಹಾಕಿಸಿದ್ದರೆ ಮೊದಲ ಎರಡು ಮೂರು ಲೀಟರಿಗೆ 40 ಮಿಲಿ. ಬೇರೆ ಡಬ್ಬಿಯಲ್ಲಿ ಬೆರೆಸಿ ಕುಲುಕಿ ಹಾಕಿ. ನೇರ ಟ್ಯಾಂಕಿಗೆ ಆಯಿಲ್ ಸುರಿದರೆ ಅದು ತಳಕ್ಕೆ ಕೂತು, ಮೊದಲು ಬರೀ ಆಯಿಲ್, ಆಮೇಲೆ ಬರೀ ಪೆಟ್ರೋಲ್ ಹೋಗುತ್ತದೆ. ಬರೀ ಪೆಟ್ರೋಲ್ ಹೋದರೆ ಎಂಜಿನ್ ಸೀಜ್, ಅಂದರೆ ಪಿಸ್ಟನ್ ಬೋರಿಗೆ ಅಂಟಿ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗ ಆದರೆ ಹಿಂದಿನ ಗಾಲಿಯೂ ಕಚ್ಚಬಹುದು.

ಸ್ಟಾರ್ಟ್ ಮಾಡುವುದು ಡಬಲ್ ಸ್ಟ್ಯಾಂಡ್ ಮೇಲೆ, ಹಿಂದಿನ ಗಾಲಿ ನೆಲ ಬಿಟ್ಟಿರುವಾಗ. ಎರಡು ವಿಷಯ ನೋಡಿ.

ಒಂದು, ಸ್ಲೋ ಎಷ್ಟಿದೆ. ಸ್ಲೋ ಅಂದರೆ ಆಕ್ಸಲರೇಟರ್ ಮುಟ್ಟದಿದ್ದಾಗ ಎಂಜಿನ್ ನಡೆಯುವ ವೇಗ. ಈ ಗಾಡಿಗಳಲ್ಲಿ ಕ್ಲಚ್ ತಾನಾಗಿ ಹಿಡಿಯುತ್ತದೆ: ಎಂಜಿನ್ ಜೋರಾದಂತೆ ಒಳಗಿನ ಶೂಗಳು ಅಗಲಿ ಗಾಲಿಯನ್ನು ತಿರುಗಿಸುತ್ತವೆ. ಸ್ಲೋ ಹೆಚ್ಚಿಟ್ಟರೆ ಆಕ್ಸಲರೇಟರ್ ಮುಟ್ಟದಿದ್ದರೂ ಗಾಡಿ ಮುಂದೆ ನುಗ್ಗುತ್ತದೆ. "ಬಂದ್ ಬೀಳಬಾರದು" ಅಂತ ಗ್ಯಾರೇಜಿನವರು ಸ್ಲೋ ಏರಿಸಿ ಕೊಡುವುದು ರೂಢಿ. ಮಕ್ಕಳ ಗಾಡಿಗೆ ಅದು ಸಲ್ಲದು. ಬಂದ್ ಬಿದ್ದರೆ ಬೀಳಲಿ. ಬ್ರೇಕ್ ಮೆಲ್ಲಗೆ ಒತ್ತಿದರೆ ಹಿಂದಿನ ಗಾಲಿ ನಿಂತು, ಎಂಜಿನ್ ನಡೆಯುತ್ತಲೇ ಇರಬೇಕು.

ಎರಡು, ಆಕ್ಸಲರೇಟರ್ ಮುಚ್ಚಿದ ಮೇಲೂ ಎಂಜಿನ್ ಕೂಗುತ್ತಲೇ ಇದ್ದರೆ, ತಾನಾಗಿ ಏರುತ್ತಿದ್ದರೆ, ಅದು ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ಆಯಿಲ್ ಸೀಲ್ ಹೋದ ಲಕ್ಷಣ. ವರ್ಷಗಟ್ಟಲೆ ನಿಂತು ರಬ್ಬರ್ ಗಟ್ಟಿಯಾಗಿ, ಎಂಜಿನ್ ಬೇರೆ ದಾರಿಯಿಂದ ಗಾಳಿ ಎಳೆಯುತ್ತಿರುತ್ತದೆ. ಕಾರ್ಬೊರೇಟರಿನ ಪ್ಯಾಕಿಂಗ್ ಹರಿದಿದ್ದರೂ ಹೀಗಾಗುತ್ತದೆ, ಮೊದಲು ಅದನ್ನೇ ನೋಡಿ. ಕಾರಣ ಸಿಕ್ಕು ಸರಿಯಾಗುವವರೆಗೆ ಆ ಗಾಡಿಯ ಮೇಲೆ ಮಗು ಕೂರುವಂತಿಲ್ಲ.

7. ವೇಗಕ್ಕೆ ಕಡಿವಾಣ

ಸೈಲೆನ್ಸರಿಗೆ ಬಟ್ಟೆ ತುರುಕುವುದು, ಫಿಲ್ಟರ್ ಅರ್ಧ ಮುಚ್ಚುವುದು ಯಾವುದೂ ಬೇಡ. ಎಂಜಿನ್ ಉಸಿರುಗಟ್ಟಿ ಹಾಳಾಗುತ್ತದೆ. ಸರಿಯಾದ ದಾರಿ ಸ್ಲೈಡ್ ಪೂರಾ ಏರದಂತೆ ತಡೆಯುವುದು. ಕಾರ್ಬೊರೇಟರಿನ ಮೇಲಿನ ಮುಚ್ಚಳ ಬಿಚ್ಚಿ, ಸ್ಪ್ರಿಂಗಿನ ಒಳಗೆ, ಕೇಬಲ್ ಹಾದುಹೋಗುವಂತೆ ಒಂದು ಕೊಳವೆ ತುಂಡು ಕೂರಿಸಿ. ಸ್ಲೈಡ್ ಏರಿದಾಗ ಈ ತುಂಡು ಮುಚ್ಚಳಕ್ಕೆ ತಾಗಿ ನಿಲ್ಲಬೇಕು. ಮೊದಲು ಉದ್ದವಾಗೇ ಕತ್ತರಿಸಿ. ಫಿಲ್ಟರ್ ತೆಗೆದು ಕಾರ್ಬೊರೇಟರಿನ ಬಾಯಿಯಿಂದ ನೋಡುತ್ತ, ಆಕ್ಸಲರೇಟರ್ ಪೂರಾ ತಿರುಗಿಸಿದರೂ ದಾರಿ ಮೂರರಲ್ಲಿ ಒಂದು ಪಾಲು ಮಾತ್ರ ತೆರೆಯುವವರೆಗೆ ಅರದಿಂದ ಉಜ್ಜುತ್ತ ಬನ್ನಿ.

ತುಂಡು ಹಿತ್ತಾಳೆಯದು ಅಥವಾ ಅಲ್ಯೂಮಿನಿಯಂದು ಇರಲಿ. ನಾನು ಮೊದಲ ಸಲ ಕೈಗೆ ಸಿಕ್ಕಿತೆಂದು ಬಾಲ್‌ಪೆನ್ನಿನ ಪಾರದರ್ಶಕ ಕೊಳವೆ ಕತ್ತರಿಸಿ ಹಾಕಿದ್ದೆ. ಮೂರನೇ ದಿನ ಮುಚ್ಚಳ ತೆಗೆದರೆ ಪೆಟ್ರೋಲಿಗೆ ಕರಗಿ ಬೆಲ್ಲದ ಪಾಕದಂತೆ ಸ್ಲೈಡಿಗೆ ಅಂಟಿಕೊಂಡಿತ್ತು. ಸ್ಲೈಡ್ ಮೇಲೇ ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ತುಂಡಿನ ಅಂಚನ್ನೂ ನುಣ್ಣಗೆ ಉಜ್ಜಿ, ನಾಲ್ಕನೇ ಹಂತದ ಟಪ್ ಪರೀಕ್ಷೆಯನ್ನು ಮತ್ತೆ ಮಾಡಿ.

8. ಮಗುವಿನ ಅಳತೆ

ಸೀಟಿನ ಮೇಲೆ ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ಊರಬೇಕು. ಊರದಿದ್ದರೆ ಸೀಟಿನ ಸ್ಪಂಜ್ ಕೊಯ್ದು ತಗ್ಗಿಸಿ. ಸೈಲೆನ್ಸರಿನ ಮೇಲೆ ತಗಡಿನ ರಕ್ಷೆ ಇರಲಿ, ಮೀನಖಂಡ ಸುಡುವುದು ಅಲ್ಲಿಯೇ. ಹೆಲ್ಮೆಟ್ ಐಎಸ್‌ಐ ಗುರುತಿನದು, ಮಗುವಿನ ತಲೆಯ ಅಳತೆಯದು. ಪಟ್ಟಿ ಕಟ್ಟಿದ ಮೇಲೆ ಹಿಂದಿನಿಂದ ಎತ್ತಿದರೆ ಕಳಚಿ ಬಂದರೆ ಅದು ಅಪ್ಪನ ಹೆಲ್ಮೆಟ್, ಮಗುವಿನದಲ್ಲ. ಉದ್ದ ಪ್ಯಾಂಟು, ಶಾಲೆಯ ಬೂಟು, ಸ್ಕೇಟಿಂಗ್ ಹುಡುಗರು ಕಟ್ಟುವ ಮೊಣಕಾಲು ಮೊಣಕೈ ಪ್ಯಾಡು. ಚಪ್ಪಲಿ ಹಾಕಿಕೊಂಡು ಬಂದರೆ ಆ ದಿನ ಗಾಡಿ ಇಲ್ಲ.

9. ಜಾಗ

ಏಪ್ರಿಲ್ ಹೊತ್ತಿಗೆ ನವಲಗುಂದ, ನರಗುಂದ, ರೋಣದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲ ಹೇಗಿರುತ್ತದೆ ನಿಮಗೇ ಗೊತ್ತು. ಅಂಗೈ ಇಳಿಯುವಷ್ಟು ಬಿರುಕು. ಎಕ್ಸ್‌ಎಲ್ ಟಯರ್ ಎರಡೂವರೆ ಇಂಚು ಅಗಲ, ಬಿರುಕಿನ ಉದ್ದಕ್ಕೆ ಸಿಕ್ಕರೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಮಳೆ ಬಿದ್ದ ಮೇಲಂತೂ ಎರಿ ಮಣ್ಣು ಮಡಗಾರ್ಡಿನಲ್ಲಿ ತುಂಬಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ಮಸಾರಿ (ಕೆಂಪು ಮಣ್ಣಿನ) ಅಥವಾ ಗರಸು (ಸಣ್ಣ ಕಲ್ಲಿನ) ನೆಲ ಇದ್ದವರು ಅದೃಷ್ಟವಂತರು. ಇಲ್ಲದವರಿಗೆ ರೋಲರ್ ಹೊಡೆದ ಕಣವೇ ಸರಿ.

ಜೋಳ ಕೊಯ್ದ ಹೊಲ ಖಾಲಿ ಕಂಡರೂ ಬೇಡ. ಓರೆಯಾಗಿ ಕತ್ತರಿಸಿದ ಕೂಳೆ ಒಂದೊಂದೂ ಚೂಪು, ಟಯರಿಗಿಂತ ಬಿದ್ದ ಮುಖಕ್ಕೆ ಅಪಾಯ. ಕುಸುಬಿ ಹೊಲದ ಮುಳ್ಳು, ಬದುವಿನ ಜಾಲಿ ಮುಳ್ಳು ಪಂಕ್ಚರಿಗೆ. ಎಲ್ಲಕ್ಕಿಂತ ಹೆದರಬೇಕಾದ್ದು ಕೃಷಿ ಹೊಂಡ ಮತ್ತು ಕಟ್ಟೆ ಇಲ್ಲದ ಬಾವಿ. ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲಾಗುವುದಿಲ್ಲ. ಹೊಲದಲ್ಲಿ ಇವೆರಡರಲ್ಲಿ ಒಂದಿದ್ದರೆ ಮೊದಲು ಬೇಲಿ, ಆಮೇಲೆ ಗಾಡಿ. ಹಂದಿಗೆಂದು ಕಟ್ಟಿದ ತಂತಿ ಇದೆಯೋ ಎಂದು ಪಕ್ಕದ ಹೊಲದವರನ್ನೂ ಕೇಳಿಕೊಳ್ಳಿ; ಕುತ್ತಿಗೆಯ ಎತ್ತರದ ತಂತಿ ಬಿಸಿಲಲ್ಲಿ ಕಾಣುವುದೇ ಇಲ್ಲ.

10. ಮೊದಲ ದಿನ

ಎಂಜಿನ್ ಬಂದ್. ಮಗು ಸೀಟಿನ ಮೇಲೆ, ನೀವು ಹಿಂದಿನಿಂದ ತಳ್ಳಿ. ಸುಣ್ಣದಿಂದ ಅಡ್ಡಗೆರೆ ಎಳೆದು ಅಲ್ಲಿ ನಿಲ್ಲಿಸಲು ಹೇಳಿ. ಮೊದಲು ಹಿಂದಿನ ಬ್ರೇಕ್, ಆಮೇಲೆ ಎರಡೂ. ಇಪ್ಪತ್ತು ಸಲ ತಪ್ಪದೆ ಗೆರೆಯಲ್ಲಿ ನಿಂತ ಮೇಲೆ ಎಂಜಿನ್. ಅದೂ ಮೊದಲು ಸ್ಟ್ಯಾಂಡ್ ಮೇಲೆ: ಆಕ್ಸಲರೇಟರ್ ಕೊಡುವುದು, ಬಿಡುವುದು, ದಾರ ಎಳೆದು ಬಂದ್ ಮಾಡುವುದು. ಆಕ್ಸಲರೇಟರ್ ತಿರುಗಿಸಿಕೊಂಡೇ ಸ್ಟ್ಯಾಂಡಿನಿಂದ ಇಳಿಸುವ ತಪ್ಪನ್ನು ದೊಡ್ಡವರೇ ಮಾಡುತ್ತಾರೆ. ಗಾಲಿ ನೆಲ ಮುಟ್ಟಿದ್ದೇ ಗಾಡಿ ಹಾರುತ್ತದೆ. ಇಳಿಸುವಾಗ ಹಿಂದಿನ ಬ್ರೇಕ್ ಹಿಡಿದಿರಬೇಕು.

ಹಿಂದೆ ತಂಗಿಯನ್ನು ಕೂರಿಸಿಕೊಳ್ಳುವುದು, ಗೆಳೆಯನಿಗೆ "ಒಂದ್ ರೌಂಡ್" ಕೊಡುವುದು ಎರಡೂ ಇಲ್ಲ. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು, ಕೈ ಸೋತ ಮಗು ಬ್ರೇಕ್ ಹಿಡಿಯುವುದಿಲ್ಲ. ಒಂದು ತಿಂಗಳು ಹೀಗೆ ನಡೆದು ಮಗುವಿನ ಮೇಲೆ ನಂಬಿಕೆ ಬಂದರೆ ಏಳನೇ ಹಂತದ ತುಂಡನ್ನು ಎರಡು ಮಿಲಿಮೀಟರ್ ಉಜ್ಜಿ. ಅದಕ್ಕಿಂತ ಹೆಚ್ಚು ಬೇಡ.

ಆಟ ಮುಗಿದ ಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಮುಂದಿನ ವಾರ ಒಂದೇ ಕಿಕ್ಕಿಗೆ ಬರುತ್ತದೆ. ಚೈನ್ ನಡುವೆ ಬೆರಳು ಇಟ್ಟು ಒತ್ತಿದರೆ 20ರಿಂದ 25 ಮಿಮೀ ಆಡಬೇಕು, ನೋಡಿಕೊಳ್ಳಿ. ಆಮೇಲೆ ಪ್ಲಗ್ಗಿನ ಕ್ಯಾಪ್ ಬಿಚ್ಚಿ, ಅದೂ ಕಿಲ್ ಸ್ವಿಚ್ಚಿನ ದಾರವೂ ನಿಮ್ಮ ಕಿಸೆಯಲ್ಲೇ ಮನೆಗೆ ಬರಲಿ. ಕೀಲಿ ಇಲ್ಲದೆ ಸ್ಟಾರ್ಟ್ ಮಾಡುವುದು ನೀವು ಹೊಲಕ್ಕೆ ಹೋದ ಮಧ್ಯಾಹ್ನ ಹುಡುಗರು ಕಲಿತುಬಿಡುತ್ತಾರೆ.